ತಕ್ಕಡಿಯಲ್ಲಿ ಕಪ್ಪೆ

ಹಂಪ್ಟಿ ಡೂ ಎಂಬ ಊರಿನ ಹೆಸರು ಕೇಳಿ
ಮೊದಲ ದಿನ ನಕ್ಕಿದ್ದೆ. ಈಗ ನಗುವುದಿಲ್ಲ.
ಡಾರ್ವಿನ್ ಪೇಟೆಯಿಂದ ಮುಕ್ಕಾಲು ಗಂಟೆ,
ರಾತ್ರಿ ಹನ್ನೊಂದಕ್ಕೆ ಕೆರೆ ಏರಿಯ ಮೇಲೆ
ಹಣೆಗೆ ದೀಪ ಕಟ್ಟಿಕೊಂಡು
ಕಪ್ಪೆ ತೂಗುತ್ತಿದ್ದೇನೆ.

ಗಾದೆ ನನಗೂ ಗೊತ್ತು.
ಒಂದನ್ನು ಹಾಕಿದರೆ ಇನ್ನೊಂದು ಹಾರುತ್ತದೆ;
ಅದಕ್ಕೇ ಗ್ಲೆನಿಸ್ ಚೀಲ ಹೊಲಿದು ತಂದಿದ್ದಾಳೆ
ಹಳೇ ದಿಂಬಿನ ಹೊದಿಕೆಯಲ್ಲಿ, ನೀಲಿ ಹೂವಿನದು.
ಗಾದೆ ಕಟ್ಟಿದವರಿಗೆ ಚೀಲ ಹೊಳೆದಿರಲಿಲ್ಲ.

ನಾನೂರ ಹನ್ನೆರಡು ಗ್ರಾಂ. ಹೆಣ್ಣು.
ಮಂಡಿಯಿಂದ ಹಿಮ್ಮಡಿಗೆ ಅಳತೆ. ಬರೆದುಕೋ.

ಕಬ್ಬಿನ ಹುಳ ತಿನ್ನಲಿ ಎಂದು
ಮೂಡಣ ಕರಾವಳಿಯಲ್ಲಿ ಯಾರೋ ಬುಟ್ಟಿ ಬಿಚ್ಚಿದ್ದರಂತೆ.
ಹುಳ ಗರಿಯ ತುದಿಯಲ್ಲಿ, ಕಪ್ಪೆ ನೆಲದಲ್ಲಿ,
ಭೇಟಿಯೇ ಆಗಲಿಲ್ಲ.
ಬಂದ ಕೆಲಸ ಕೆಟ್ಟ ಮೇಲೆ ನಿಲ್ಲುವುದೇಕೆ?
ಹೊರಟವು ಪಡುವಣಕ್ಕೆ.

ಉದ್ದ ಕಾಲಿನದು ಮುಂದೆ ಹೋಯಿತು, ಅಷ್ಟೇ.
ಮುಂದೆ ಹೋದದ್ದಕ್ಕೆ ಮುಂದೆ ಹೋದದ್ದೇ ಜೋಡಿ ಸಿಕ್ಕಿತು;
ಮಿಕ್ಕವು ಯಾವುದೋ ದನದ ತೊಟ್ಟಿಯ ಬುಡದಲ್ಲಿ
ಸುಖವಾಗಿ ಸಂಸಾರ ಹೂಡಿದವು.
ಮೊಟ್ಟೆಯಿಂದ ಮೊಟ್ಟೆಗೆ ಕಾಲು ನೀಳವಾಯಿತು
ಯಾರೂ ಎಳೆಯದೆ.
ಮುತ್ತಜ್ಜಿ ವರ್ಷವಿಡೀ ಕುಪ್ಪಳಿಸಿದ ದಾರಿ
ಇವಳಿಗೆ ನಾಲ್ಕು ಮಳೆ.

ಬಾವಿಯ ಕಪ್ಪೆ ಎಂದು ಬೈದವರು
ಇವಳನ್ನು ಕಂಡಿರಲಿಲ್ಲ.
ಇವಳಿಗೆ ಬಾವಿ ಒಂದು ರಾತ್ರಿಯ ಬಿಡಾರ.

ಇವಳ ಹೆಗಲಲ್ಲಿ ವಿಷ. ನುಂಗಿದ ಹಾವು ಅಲ್ಲೇ ಸತ್ತಿತು.
ಅಗಲ ಬಾಯಿಯವು ಮೊದಲು ಹೋದವು;
ಸಣ್ಣ ತಲೆಯವು, ಕಪ್ಪೆ ಬಾಯಿಗೆ ಹಿಡಿಸದೆ,
ಹಸಿದುಕೊಂಡೇ ಉಳಿದವು, ಮರಿ ಹಾಕಿದವು.
"ಆಸೆಗಿಂತ ಬಾಯಿ ಚಿಕ್ಕದಿರಬೇಕು, ನೋಡು"
ಗ್ಲೆನಿಸ್ ತೆಂಗಿನ ಬಿಸ್ಕತ್ತು ಮುರಿಯುತ್ತಾಳೆ.
ಅರ್ಧ ನನಗೆ.

ಬೆನ್ನು ಸವರಿದೆ. ಬೆರಳಿಗೆ ಗಂಟು ತಡೆಯಿತು.
ಮೊದಲ ಸಾಲಿನವಕ್ಕೆಲ್ಲ ಹೀಗೇ,
ಮೂಳೆ ಮೂಳೆಗೆ ಅಂಟಿ ಗೂನು.
ಓಟ ಕೊಟ್ಟ ಕಾಲೇ ಬಾಡಿಗೆ ಕೇಳುತ್ತದೆ
ತಿಂಗಳು ತುಂಬುವ ಮೊದಲೇ.
ಮೂರು ತಾಸು ಕುಕ್ಕರುಗಾಲಲ್ಲಿ ಕೂತ
ನನ್ನ ಸೊಂಟವೂ ಏನೋ ಗೊಣಗಿತು,
ಅದನ್ನು ಬರೆದುಕೊಳ್ಳಲಿಲ್ಲ.

ಹಿಡಿದದ್ದನ್ನು ಮತ್ತೆ ಬಿಡುವಂತಿಲ್ಲ, ನಿಯಮ.
ಜೀಪಿನ ಹಿಂದೆ ಐಸಿನ ಪೆಟ್ಟಿಗೆ.
ಚೀಲದ ಬಾಯಿ ಬಿಗಿಯುವಾಗ
ನೀಲಿ ಹೂವಿನ ಒಳಗಿಂದ ಒಂದು ಕಾಲು
ಚಾಚಿ ಒದೆಯಿತು, ನೇರ ಪಡುವಣಕ್ಕೆ.

ಅಥವಾ ನಾನೇ ಚೀಲವನ್ನು
ಆ ಕಡೆ ತಿರುಗಿಸಿ ಹಿಡಿದಿದ್ದೆ.