ನಾಲ್ಕನೇ ಮನೆ

ಬ್ಯಾನರಿನ ಮೇಲೆ ಮೊದಲು ನಾನು ಓದಿದ್ದು ಕಲಬುರಗಿ ಅಂತ.
ಒಂದೂವರೆ ವರ್ಷದ ಕನ್ನಡ ನನ್ನದು,
ಅಕ್ಷರಗಳನ್ನು ಇನ್ನೂ ಬೆರಳಿಟ್ಟು ದಾಟುತ್ತೇನೆ.
ಕ ಇತ್ತು, ಗಿ ಇತ್ತು, ಲ ಇತ್ತು,
ಪಕ್ಕದಲ್ಲಿ ಕೊಂಡಿಯಂತೆ ಅರ್ಕಾವೊತ್ತು;
ನಡುವೆ ಬಿಟ್ಟುಹೋದದ್ದನ್ನು ನಾನೇ ತುಂಬಿಕೊಂಡೆ.
ಕಲಬುರಗಿ ಯುದ್ಧ. ಹುತಾತ್ಮರಿಗೆ ನಮನ.

ಹೌದೇ, ಇಲ್ಲೂ ಆಗಿತ್ತೇ ಎಂದು
ಸೂಪರ್ ಮಾರ್ಕೆಟ್ಟಿನ ಗೋಡೆಗಳನ್ನು ನೋಡುತ್ತ ಬಂದೆ.
ಗುಂಡು ಹೊಕ್ಕ ಗೋಡೆ ನನಗೆ ಗೊತ್ತಾಗುತ್ತದೆ,
ಸುಣ್ಣ ಬಳಿದರೂ ಗೊತ್ತಾಗುತ್ತದೆ.
ಇಲ್ಲಿ ಎಲೆಅಡಿಕೆಯ ಉಗುಳು, ಟ್ಯೂಷನ್ನಿನ ಚೀಟಿ,
ಮಳೆಗೆ ಬಣ್ಣ ಬಿಟ್ಟ ಯಾರದೋ ಹುಟ್ಟುಹಬ್ಬದ ಶುಭಾಶಯ.
ಒಂದೇ ಒಂದು ತೂತಿತ್ತು.
ಅದರಿಂದ ಕೇಬಲ್ ವೈರು ಹೊರಬಂದಿತ್ತು.

ಆಟೋದ ಮಶಾಕ್ ನಕ್ಕ:
"ಹೇ ಬಾಬಣ್ಣ, ಅದು ಕಾರ್ಗಿಲ್. ದೂರ ಅದ, ಹಿಮದಾಗ."
(ಬಾಬಿಕರ್ ಎಂಬುದು ಈ ಊರಿನ ಬಾಯಿಗೆ ಬಿದ್ದು
ಮೊದಲ ವಾರವೇ ಬಾಬಣ್ಣ ಆಯಿತು.)
"ಹುತಾತ್ಮ ಅಂದರೆ?"
"ಶಹೀದ್," ಅಂದ.
ಓ.
ಸಮುದ್ರ ದಾಟಿ ಬಂದೆ ಅಂದುಕೊಂಡಿದ್ದೆ;
ಈ ಪದ ನನಗಿಂತ ಮೊದಲೇ ಬಂದು
ಆಟೋಸ್ಟ್ಯಾಂಡಿನಲ್ಲಿ ಕೂತು ಚಹಾ ಕುಡಿಯುತ್ತಿತ್ತು.

ಜಗತ್ ವೃತ್ತದಲ್ಲಿ ಪೆಂಡಾಲು.
ಸೈನಿಕರ ವೇಷದ ಮಕ್ಕಳು. ಒಬ್ಬಳ ಕಾಡಿಗೆಯ ಮೀಸೆ
ಹನಿ ಬಿದ್ದು ಗಲ್ಲಕ್ಕಿಳಿದಿತ್ತು.
ಮಾಜಿ ಹವಾಲ್ದಾರ್ ಅಣವೀರಪ್ಪನವರ ಕೈಗೆ ಮೈಕು ಕೊಟ್ಟರು.
ಗೆದ್ದದ್ದರ ಬಗ್ಗೆ ಹೇಳುತ್ತಾರೆಂದು ಎಲ್ಲರೂ ಕಾದರೆ
ಅವರು ಸಾಕ್ಸಿನ ಬಗ್ಗೆ ಹೇಳಿದರು,
ಒದ್ದೆ ಸಾಕ್ಸನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು
ಮೈಶಾಖಕ್ಕೆ ಒಣಗಿಸುತ್ತಿದ್ದದ್ದು.
ಒಂದು ಜೊತೆ ತಮ್ಮದು. ಇನ್ನೊಂದು ಜೊತೆ ಯಾರದೆಂದು
ಹೇಳಲು ಹೋಗಿ, ಮೈಕು ವಾಪಸ್ ಕೊಟ್ಟರು.

ಎರಡು ನಿಮಿಷ ಮೌನ ಅಂದರು.
ಅದರಲ್ಲಿ ನನಗೆ ಪಾಲಿದೆಯೋ ಇಲ್ಲವೋ ತಿಳಿಯಲಿಲ್ಲ.
ಎಲ್ಲರೂ ತಲೆ ತಗ್ಗಿಸಿದಾಗ ನಾನೊಬ್ಬ ಎತ್ತಿಕೊಂಡು ನಿಲ್ಲುವುದು ಹೇಗೆ,
ತಗ್ಗಿಸಿದೆ.
ತಗ್ಗಿಸಿದರೆ ಓಮ್ದುರ್ಮಾನಿನ ನಮ್ಮ ಓಣಿ.
ನದಿಯ ಕಡೆಯಿಂದ ಶುರು ಮಾಡಿದೆ, ಮನೆಯಿಂದ ಮನೆಗೆ.
ಮೊದಲನೆಯದು ಬೇಕರಿಯ ಇದ್ರೀಸನದು. ಅವನು, ಅವನ ಇಬ್ಬರು.
ಎರಡನೆಯದು ಖಾಲಿ, ಗಡಿ ದಾಟಿದರೆಂದು ಸುದ್ದಿ,
ನಂಬಿ ಮುಂದೆ ಹೋದೆ.
ಮೂರನೆಯದು ನಮ್ಮದು.
ಅಲ್ಲಿ ಹೊತ್ತು ಹಿಡಿಯಿತು.
ಅಷ್ಟರಲ್ಲಿ ಬ್ಯಾಂಡು ಶುರುವಾಯಿತು.

ಮಧ್ಯಾಹ್ನ ಜಗದೇವಕ್ಕನ ಖಾನಾವಳಿ.
ನಮ್ಮಲ್ಲೂ ಜೋಳವೇ. ಹಿಟ್ಟು ರಾತ್ರಿಯಿಡೀ ಹುಳಿ ಬರಿಸಿ
ಬಟ್ಟೆಯಷ್ಟು ತೆಳ್ಳಗೆ ಎಳೆಯುತ್ತೇವೆ;
ಇವರು ಬಡಿಯುತ್ತಾರೆ.
ಆ ಬಡಿತಕ್ಕೆ ಮೊದಲ ದಿನ ಗಾಬರಿಬಿದ್ದು ಎದ್ದು ನಿಂತಿದ್ದೆ.
"ಕುಂದ್ರೋ, ರೊಟ್ಟಿ ಅದು," ಅಂದಿದ್ದಳು.

ಎದುರಿನ ಬೆಂಚಿಗೆ ಹವಾಲ್ದಾರರು ಬಂದು ಕೂತರು,
ಒಂದು ಕಾಲನ್ನು ಕೈಯಿಂದ ಎತ್ತಿ ಮೇಜಿನ ಕೆಳಗಿಟ್ಟು.
ಪುಂಡಿಪಲ್ಯ ಕಲಸುತ್ತ ಕೇಳಿದರು:
"ನಿಮ್ಮ ದೇಶದಾಗ ಈ ದಿನ ಯಾವತ್ತು ಬರ್ತದ?"
ಗೋಡೆಯ ಕ್ಯಾಲೆಂಡರು ನೋಡಿದೆ.
ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ,
ಅಮಾವಾಸ್ಯೆಯ ಕಪ್ಪು ಚುಕ್ಕೆ.
"ನಮಗಿನ್ನೂ ತಾರೀಖು ಸಿಕ್ಕಿಲ್ರಿ," ಅಂದೆ.
"ಇನ್ನೂ ನಡದದ."

ಅವರ ಕೈ ತಾಟಿನಲ್ಲೇ ನಿಂತಿತು.
ಹೊರಗೆ ಎರಡು ಬಸ್ಸು ಹೋದವು.
ಯಾರೋ ಮಜ್ಜಿಗೆ ಕೇಳಿದರು, ಜಗದೇವಕ್ಕ ಕೊಟ್ಟಳು,
ಮತ್ತೆ ಬಡಿಯತೊಡಗಿದಳು.
ಅವರು ಇನ್ನೂ ಏನೂ ಅನ್ನಲಿಲ್ಲ.
ತಮ್ಮ ತಾಟಿನ ಉಳ್ಳಾಗಡ್ಡಿ ತೆಗೆದು
ನನ್ನ ತಾಟಿಗಿಟ್ಟರು.

ನಾಲ್ಕನೆಯದು ಹಸಿರು ಬಾಗಿಲು, ಸಿತ್ತನಾ ಅಜ್ಜಿಯ ಮನೆ,
ಚಹಾಕ್ಕೆ ಶುಂಠಿ ಜಾಸ್ತಿ ಹಾಕುವವಳು.
ತಟ್ಟಿದೆ.