ಹದಿನೇಳೂವರೆ ಕೆಜಿ

ಸಾಕುಪ್ರಾಣಿಗಳ ಹಬ್ಬಕ್ಕೆ ಊರಲ್ಲಿ ಮೂರು ಶಾಮಿಯಾನ:
ಬೆಳಿಗ್ಗೆ ಗಾಂಧಿ ಪಾರ್ಕು, ಮಧ್ಯಾಹ್ನ ಹಳೇ ಜೈಲಿನ ಮೈದಾನ,
ಸಂಜೆ ಹೊಳೆ ಬದಿ.
ಮೂರಕ್ಕೂ ಒಂದೇ ತೂಕದ ಯಂತ್ರ, ಒಬ್ಬರೇ ಡಾಕ್ಟರು,
ಬರೆಯಲಿಕ್ಕೆ ನಾನೊಬ್ಬ.

ಹೆಸರು. ತಳಿ. ತೂಕ. ಮಾಲೀಕರು.
ಪಶು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇಪ್ಪತ್ತೆರಡು ವರ್ಷ
ಎಮ್ಮೆಗಳ ಬೆದೆ, ಕೋಳಿಗಳ ಸಾವು ಬರೆದ ಕೈ ಇದು, ನಡುಗಿದ್ದಿಲ್ಲ.
ನಾಯಿ ಬಂದರೆ ಮಾತ್ರ ಇವತ್ತಿಗೂ
ಕಾಲೆರಡೂ ತಾವಾಗಿ ಕುರ್ಚಿ ಹತ್ತುತ್ತವೆ.
ಎಲ್ಲರಿಗೂ ಗೊತ್ತು. ಅದಕ್ಕೇ ನನ್ನನ್ನು ಹಾಕಿದ್ದು.

ಬಂದವು.
ಮಾರ್ಚ್ ಬಿಸಿಲಲ್ಲಿ ಸ್ವೆಟರು ತೊಟ್ಟ ಪರ್ಷಿಯನ್ ಬೆಕ್ಕು.
ಲಿಲ್ಲಿ ಡಿಮೆಲ್ಲೊ ಟೀಚರ ಲವ್ ಬರ್ಡ್ಸ್,
ಒಂದಕ್ಕೊಂದು ಬೆನ್ನು ತಿರುಗಿಸಿ ಕೂತು.
ಊರುಗಡೂರಿನ ಹುಡುಗ ಹುಂಜವನ್ನು ಕಂಕುಳಲ್ಲಿ ಅಮುಕಿಕೊಂಡು
‘ಅಂಕಕ್ಕಲ್ಲ ಸಾರ್, ಸಾರಿಗೂ ಅಲ್ಲ, ಸುಮ್ನೆ ಸಾಕಿದ್ದು’ ಅಂದ.
ಮತ್ತೆ ಸೊಂಟದೆತ್ತರದ ಒಂದು ಮಲೆನಾಡು ಗಿಡ್ಡ.
ತಳಿಯ ಕಾಲಮ್ಮಿಗೆ ಅದೊಂದೇ ತಡವರಿಸದೆ ಇಳಿಯಿತು.

ಹತ್ತೂವರೆಗೆ ಟೀ ಅಂಗಡಿ ಜಬೀವುಲ್ಲಾ,
ಲುಂಗಿ ಹರಿದು ಹೊಸೆದ ಹಗ್ಗದಲ್ಲಿ ಕಂದು ನಾಯಿ.
ಎಡಗಿವಿ ಹರಿದಿದೆ. ಬಾಲದ ತುದಿ ಸುಣ್ಣದಲ್ಲಿ ಅದ್ದಿದಂತೆ ಬಿಳಿ.
‘ಶೇರು. ತಳಿ... ನಮ್ಮ ಅಂಗಡೀದು ಅಂತ ಬರ್ಕೊಳ್ಳಿ.’
ಹದಿನೇಳೂವರೆ ಕೆಜಿ. ರೇಬೀಸ್ ಚುಚ್ಚುಮದ್ದು ಆಯಿತು.
ಎರಡು ಬಿಸ್ಕತ್ತು, ಒಂದು ಮೊಟ್ಟೆ ಸಿಕ್ಕಿತು.

ಜೈಲಿನ ಮೈದಾನ.
ಹಿಂದೆ ಕೈದಿಗಳನ್ನು ಎಣಿಸುತ್ತಿದ್ದ ಜಾಗದಲ್ಲಿ
ಮೇಜು ಹಾಕಿ ಬಾಲ ಎಣಿಸುತ್ತಿದ್ದೇನೆ,
ಪೌರಕಾರ್ಮಿಕರ ದುರುಗಮ್ಮ ಬಂದಳು, ಮೈಮೇಲೆ ಹೊಳೆಯುವ ಹಸಿರು ಜಾಕೆಟ್ಟು.
ಹಿಂದೆ, ಹಗ್ಗವಿಲ್ಲದೆ, ಹರಿದ ಎಡಗಿವಿ.
‘ಬಾರೋ ಕುಂಟ. ಈಗ ಕುಂಟಲ್ಲ ಸಾ, ಮರೀಲಿ ಕುಂಟ್ತಿದ್ದ.
ಬೆಳಗಿನ ಜಾವ ನಾಕೂವರೆ ಕತ್ಲಲ್ಲಿ ಕಸ ಗುಡಿಸೋವಾಗ
ನನ್ ಜೊತೆ ಇರೋ ಗಂಡಸು ಇವನೊಬ್ನೇ.’
ನಾಯಿ ನನ್ನನ್ನು ನೋಡಿತು.
ನಾನು ಪೆನ್ನಿನ ಮುಚ್ಚಳ ನೋಡಿದೆ.

ಬರೆದುಕೊಂಡೆ. ಕುಂಟ. ಹದಿನೆಂಟು ಕೆಜಿ.
ಡಾಕ್ಟರು ಸಿರಿಂಜು ಎತ್ತಿದಾಗ ಬಾಯಿ ಬಿಡಲೇಬೇಕಾಯಿತು:
‘ಇದಕ್ಕೆ ಆಗಿದೆ ಸಾರ್. ಬೆಳಿಗ್ಗೆ. ಶೇರು ಅಂತ.’
ದುರುಗಮ್ಮ ಒಂದು ಗಳಿಗೆ
ಸವತಿಯ ಸುದ್ದಿ ಕೇಳಿದವಳ ಹಾಗೆ ನಿಂತಳು.
ಆಮೇಲೆ ನಗು, ಜಾಕೆಟ್ಟಿನ ಜಿಪ್ಪು ಕಿತ್ತುಬರುವಂಥ ನಗು:
‘ಶೇರಂತೆ! ಇಲಿ ಕಂಡ್ರೆ ನನ್ ಗಾಡಿ ಹಿಂದೆ ಅಡಗ್ತಾನೆ.’

ಸಂಜೆ, ಹೊಳೆ ಬದಿ.
ಗೊತ್ತಿತ್ತು ನನಗೆ. ಕಾಯುತ್ತಿದ್ದೆ ಅಂದರೂ ತಪ್ಪಿಲ್ಲ.
ತುಂಗೆಯ ಮೆಟ್ಟಿಲ ಮೇಲಿಂದ ಮೊದಲು ಕಿವಿ ಬಂತು,
ಆಮೇಲೆ ಹಲ್ಲು ಬಿದ್ದ ಪ್ರಣತಿ, ಮೂರನೇ ಕ್ಲಾಸು.
ಶಾಲೆಯ ಟೈ ನಾಯಿಯ ಕೊರಳಿಗೆ.
‘ಇದರ ಹೆಸರು ಬೆಲ್ಲ. ನನ್ನ ಬಿಟ್ಟು
ಯಾರ ಹತ್ರಾನೂ ಹೋಗಲ್ಲ ಅಂಕಲ್.’

ತುಸು ಹೊತ್ತು ಏನೂ ಬರೆಯಲಿಲ್ಲ.
ಡಾಕ್ಟರು ನನ್ನತ್ತ ಹುಬ್ಬು ಹಾರಿಸಿ
ಸೂಜಿಯಿಲ್ಲದ ಸಿರಿಂಜನ್ನು ಅದರ ಭುಜಕ್ಕೆ ಮುಟ್ಟಿಸಿ
‘ಆಯ್ತು! ಅಳಲೇ ಇಲ್ಲ ನೋಡು’ ಅಂದರು.
ಹುಡುಗಿ ಹಿಗ್ಗಿದಳು. ಬೆಲ್ಲ ಆಕಳಿಸಿತು.
ಹದಿನೆಂಟು ಮುಕ್ಕಾಲು.

ಈಗ ಶಾಮಿಯಾನದ ಗೂಟ ಕೀಳುತ್ತಿದ್ದಾರೆ.
ನಾಳೆ ಆಫೀಸಿಗೆ ಲೆಕ್ಕ ಒಪ್ಪಿಸಬೇಕು:
ಇನ್ನೂರ ಹನ್ನೊಂದು ಹೆಸರು, ಇನ್ನೂರ ಒಂಬತ್ತು ಪ್ರಾಣಿ.
ಸಾಹೇಬರು ಕೇಳುತ್ತಾರೆ. ಕೇಳಲಿ.
ತೂಕದ ಯಂತ್ರ ಎತ್ತಲು ಹೋದರೆ ಅದರ ಮೇಲೇ
ಸುರುಳಿ ಸುತ್ತಿ ಮಲಗಿದೆ, ಟೈ ಇನ್ನೂ ಕೊರಳಲ್ಲಿ,
ಮುಳ್ಳು ಹತ್ತೊಂಬತ್ತರ ಹತ್ತಿರ.
ಎಬ್ಬಿಸಬೇಕು. ಯಾವ ಹೆಸರು ಹಿಡಿದು?
‘ಏಯ್,’ ಅಂದೆ, ಮೆಲ್ಲಗೆ.
ಬಿಳಿ ತುದಿ ಒಮ್ಮೆ ಅಲ್ಲಾಡಿತು, ಅಷ್ಟೆ.
ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ.
ಲಗೇಜು ಆಟೋದವ ಹಾರನ್ನು ಒತ್ತುತ್ತಲೇ ಇದ್ದ.