ಬುಡ ಕೀಳಬೇಡಿ

ಕೂರುವ ಮುಂಚೆಯೇ ಹೇಳಿದೆ ಅವರಿಗೆ:
ಬುಡ ಕೀಳಬೇಡಿ, ಗ್ಲಾಡಿಸಮ್ಮ.
ಗರಗಸದ ಹುಡಿಯನ್ನೂ ಗುಡಿಸಬೇಡಿ.
ಶೀಟು ಹೊದಿಸಿ, ಮೇಲೆ ನಾಲ್ಕು ಹಂಚು ಇಡಿ,
ಫೋಟೋದಲ್ಲಿ ಆ ದಿನದ ಪೇಪರಿನ ತಾರೀಕು ಕಾಣಲಿ.

ಸೆರಗಿನಿಂದ ಕತ್ತಿನ ಬೆವರೊರೆಸಿ ಅಂದರು,
ಮೂರು ದಿನ ಬೆಳ್ಮಣ್ಣಿನಲ್ಲಿದ್ದೆ, ತಂಗಿಯ ಕಣ್ಣಿನ ಆಪರೇಷನ್.
ಜೆಪ್ಪಿಗೆ ಬಂದು ಬೀಗ ತೆಗೆದರೆ
ಅಡುಗೆಮನೆಯಲ್ಲಿ ಬಿಸಿಲು.
ನಲವತ್ತು ವರ್ಷದಲ್ಲಿ ಆ ಒಲೆಯ ಮೇಲೆ ಬಿಸಿಲು ಬಿದ್ದದ್ದಿಲ್ಲ.
ಹಿಂದಿನ ಬಾಗಿಲು ತೆಗೆಯುವ ಮೊದಲೇ ಗೊತ್ತಾಯಿತು.

ಪಕ್ಕದ ಫ್ಲಾಟಿನವರ ಕಾರಿನ ಮೇಲೆ ಎಲೆ ಬೀಳುತ್ತಿತ್ತಂತೆ.
ಮರ ತಮ್ಮ ಗಡಿಯೊಳಗೆ ಅಂತ ಬಿಲ್ಡರನ ಉತ್ತರ,
ನೋಟಿಸಿಗೆ, ಒಂದೂವರೆ ಸಾಲು.

ಸರ್ವೆಯರ್ ಬಂದ, ಅಳೆದ:
ಅರವತ್ತೆರಡು ಸೆಂಟಿಮೀಟರ್ ಇವರ ಬದಿಗೆ.
ನಾನು ಗೆದ್ದೇಬಿಟ್ಟೆ ಅಂದುಕೊಂಡೆ.
ಅರಣ್ಯದವರ ವರದಿ ಬಂತು:
ಜೀಗುಜ್ಜೆ. ಮೆತ್ತನೆ ಮರ. ಮರಮಟ್ಟಿಗೆ ಬಾರದು.
ಸೌದೆಯ ಲೆಕ್ಕದಲ್ಲಿ ಎಂಟುನೂರ ನಲವತ್ತು ರೂಪಾಯಿ.

ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮೇಲೆ ನನ್ನ ಆಫೀಸು.
ಕೆಳಗೆ ಮೆಷಿನಿನ ಹಸಿರು ಬೆಳಕು ಹೋಗಿ ಬಂದು ಮಾಡುತ್ತಿತ್ತು.
ಚೀಲದಿಂದ ಅವರು ಒಂದು ರಟ್ಟಿನ ಪುಸ್ತಕ ತೆಗೆದರು.
ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ;
ತೂಕ ಬರೆಯದೆ ಏನನ್ನೂ
ಕೈಯಿಂದ ಕೈಗೆ ದಾಟಿಸಿದವರಲ್ಲ.

*ಮೇ ಒಂಬತ್ತು. ಒಂದೂಮುಕ್ಕಾಲು ಕೆ.ಜಿ. ತೊಟ್ಟಿನ ಹಾಲು ಇನ್ನೂ ನಿಂತಿಲ್ಲ. ಬಂಗುಡೆ ತರುವ ಅಪ್ಪಿಗೆ.*
*ಮೇ ಹದಿಮೂರು. ಎರಡು ಕೆ.ಜಿ. ಇನ್ನೂರು. ಪೋಡಿಗೆ, ಚರ್ಚಿನ ಹುಡುಗರಿಗೆ.*
*ಜೂನ್ ಎರಡು. ಟೈಲರನ ಹೆಂಡತಿ ಕೇಳಿದಳು. ಹೆತ್ತು ಎಂಟೇ ದಿನ, ವಾಯು. ಕೊಡಲಿಲ್ಲ.*

ಪಾಟೀಸವಾಲಿನ ದಿನ ಎದುರಿನ ವಕೀಲರು
ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದರು:
ಮಾರಿದ ರಸೀದಿ ಉಂಟಾ?
ಇಲ್ಲ.
ಮಾರಲೇ ಇಲ್ಲ ಅಂದಮೇಲೆ ನಷ್ಟ ಎಲ್ಲಿ?

ಹೆರಿಗೆ ಮಾಡಿಸಿದ್ದಕ್ಕೂ ನಾನು ರಸೀದಿ ಕೊಟ್ಟಿಲ್ಲ, ಅಂದರು ಗ್ಲಾಡಿಸಮ್ಮ.
ನೀವು ಹುಟ್ಟಲಿಲ್ಲವಾ?

ಟೈಪಿಸ್ಟಿನ ಬೆರಳು ನಿಂತಿತು.
ಅದು ದಾಖಲೆಗೆ ಬೇಡ, ಅಂದರು ನ್ಯಾಯಾಧೀಶರು, ತಲೆ ಎತ್ತದೆ.
ನನ್ನ ಫೈಲಿನ ಅಂಚಿನಲ್ಲಿ ನಾನು ಬರೆದುಕೊಂಡೆ.

ಆಮೇಲೆ ತಾರೀಕು, ತಾರೀಕಿನ ಮೇಲೆ ತಾರೀಕು.
ಸ್ಥಳ ನೋಡಲು ಕಮಿಷನರರು ಬಂದ ಬೆಳಿಗ್ಗೆ
ಶೀಟು ಸರಿಸಿದೆವು. ಬುಡ ಕಪ್ಪಾಗಿತ್ತು,
ಅದರ ಅಂಚಿಗೆ ಇರುವೆಗಳು ಗೂಡು ಮಾಡಿದ್ದವು.
ಅಳತೆ ಬರೆಯಿಸಿ ಪೆನ್ನು ಮುಚ್ಚುವಾಗ
ಗೋಡೆಯಾಚೆ ನೋಡಿದವರು ಅವರೇ.

ನಾಲ್ಕನೇ ನಂಬರಿನ ಪಾರ್ಕಿಂಗು.
ಇಂಟರ್‌ಲಾಕ್ ಒಂದು ಮೂಲೆ ಎದ್ದಿತ್ತು.
ಸಂದಿನಲ್ಲಿ ಒಂದು ಹಸಿರು ಬೆರಳು,
ತುದಿಗೆ ಬಿಚ್ಚಲೋ ಬೇಡವೋ ಎಂಬಂತೆ ಎಲೆಯ ಮುಷ್ಟಿ.
ನೆಲದಡಿಯಲ್ಲಿ ಗಡಿ ದಾಟಿ ಬಂದ ಬೇರು.

ಬೇರು ನಮ್ಮದು, ನೆಲ ಅವರದು.
ನನಗೆ ಕಾನೂನು ಗೊತ್ತು,
ಹಾಗಾಗಿ ಸುಮ್ಮನಿದ್ದೆ.
ವಾಚ್‌ಮನ್ನನೂ ಸುಮ್ಮನಿದ್ದ, ಪೈಪು ಕೈಯಲ್ಲೇ ಹಿಡಿದು,
ನೀರು ಸುಮ್ಮನೆ ಅತ್ತ ಹರಿಯುತ್ತಿತ್ತು.

ಗ್ಲಾಡಿಸಮ್ಮ ಗೋಡೆಗೆ ಎದೆಯಾನಿಸಿ ಬಗ್ಗಿ ನೋಡಿದರು,
ತುಂಬಾ ಹೊತ್ತು, ಬಣ್ಣ ನೋಡುವ ಹಾಗೆ, ಉಸಿರು ನೋಡುವ ಹಾಗೆ.
ಮತ್ತೆ ರಟ್ಟಿನ ಪುಸ್ತಕ ತೆರೆದು,
ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ,
ಗಂಟೆ ಎಷ್ಟು ವಕೀಲರೇ, ಅಂದರು.

ಹನ್ನೊಂದೂ ಇಪ್ಪತ್ತು, ಅಂದೆ.